ನಗೆಯ ಋಣ

ಮಂಗಳೂರಿನ ಚಿತ್ರಮಂದಿರವೊಂದರಲ್ಲಿ ಶನಿವಾರದ ಸಂಜೆ ಕಾಲೇಜು ಹುಡುಗರ ಗುಂಪೊಂದು ಸಾಲುಹಿಡಿದು ಕುಳಿತಿರುವಾಗ ಎರಡು ಬಗೆಯ ಸದ್ದುಗಳು ಕೇಳಿಬರುವುದುಂಟು. ಕಥೆಯ ಪೂರ್ವಾರ್ಧದಲ್ಲಿ, ಒಂದೇ ಮಾತಿಗೆ ಎರಡನೆಯ ಅರ್ಥವು ಹೊಳೆದೊಡನೆ, ಒಬ್ಬನ ಬೆನ್ನನ್ನು ಇನ್ನೊಬ್ಬನು ಗುದ್ದುತ್ತ ಎಬ್ಬಿಸುವ ಗಹಗಹಿಕೆಯು ಮೊದಲನೆಯದು. ಉತ್ತರಾರ್ಧದಲ್ಲಿ, ಕಣ್ಣು ತೇವವಾದುದನ್ನು ಸಂಗಡಿಗರಿಂದ ಮರೆಸುವುದಕ್ಕಾಗಿ ಸುಮ್ಮನೆ ಕೆಮ್ಮುವ ಸದ್ದು ಎರಡನೆಯದು. ಇವೆರಡೂ ಒಂದೇ ಎದೆಯಿಂದ, ಒಂದು ಗಂಟೆಯ ಅಂತರದಲ್ಲಿ ಹೊರಟವು. ಆ ಒಂದು ಗಂಟೆಯಲ್ಲಿ ಆ ಎದೆಗೆ ಆದುದೇನು? ಅದು ನಿಜವಾಗಿ ಒಂದು ಮೆಟ್ಟಲು ಮೇಲಕ್ಕೇರಿತೆ, ಅಥವಾ ಕಚಗುಳಿಯಿಟ್ಟ ಕೈಯೇ ಬಳಿಕ ಚಿವುಟಿದುದರಿಂದ ಕಣ್ಣಿನಲ್ಲಿ ನೀರು ಬಂದಿತೆ? ಪ್ರಶ್ನೆಯು ಸಣ್ಣದೆಂದು ತೋರಬಹುದು. ಆದರೆ ಒಂದು ತಲೆಮಾರಿನ ಹುಡುಗರು ಪ್ರೀತಿಯನ್ನೂ ದುಃಖವನ್ನೂ ಕಲಿಯುತ್ತಿರುವ ಪಾಠಶಾಲೆಯ ವಿಚಾರವಿದಾದುದರಿಂದ ಅಲಕ್ಷ್ಯಮಾಡತಕ್ಕದ್ದಲ್ಲ.

ಈ ಜಾತಿಯ ಚಿತ್ರಗಳ ಹಂದರವು ಎಲ್ಲರೂ ಬಲ್ಲದ್ದೇ. ಮೀಸೆ ಮೂಡುತ್ತಿರುವ ಹುಡುಗನೊಬ್ಬನು. ಅವನ ಸುತ್ತ ನಾಲ್ಕಾರು ಮಂದಿ ಪುಂಡ ಗೆಳೆಯರು. ಮನೆಯಲ್ಲಿ ಆಡಲಾಗದ ಮಾತುಗಳನ್ನೆಲ್ಲ ಬೀದಿಯಲ್ಲಿ, ಹಾಸ್ಟೆಲಿನಲ್ಲಿ ಆಡಿ ತೀರಿಸಿಕೊಳ್ಳುವ ತವಕ. ನಡುವೆ ಒಬ್ಬ ಹುಡುಗಿ. ಬಳಿಕ ಒಂದು ಪೆಟ್ಟು, ಎಂದರೆ ಅಗಲಿಕೆಯೋ ವಂಚನೆಯೋ ಮರಣವೋ. ಕೊನೆಗೆ ಹುಡುಗನು ಗಂಡಸಾದನೆಂಬ ಸೂಚನೆ. ಇಂಥ ಚಿತ್ರವನ್ನು ಕುರಿತು ಹಿರಿಯರು ಆಡುವ ಮಾತು ಒಂದು: ಹೊಲಸು ಪಾತ್ರೆಯಲ್ಲಿ ಕರೆದ ಹಾಲು ಒಡೆಯದೆ ಇದ್ದೀತೆ, ಪೋಲಿ ಮಾತಿನಿಂದ ಮೊದಲಾದ ಕಥೆಯು ಕಣ್ಣೀರಿನಿಂದ ಪವಿತ್ರವಾದೀತೆ ಎಂದು. ಕಿರಿಯರ ಉತ್ತರವೂ ಸಿದ್ಧವಾಗಿದೆ: ಕೊನೆಯಲ್ಲಿ ಎಲ್ಲರೂ ಅತ್ತರಲ್ಲವೆ, ಮನಸ್ಸಿನಲ್ಲಿ ಕೊಳೆಯಿದ್ದರೆ ಅಳು ಬರುತ್ತಿತ್ತೆ ಎಂದು. ಒಬ್ಬರು ನಗೆಯಿಂದ ಅಳುವನ್ನು ತೂಗುತ್ತಾರೆ. ಇನ್ನೊಬ್ಬರು ಅಳುವಿನಿಂದ ನಗೆಯನ್ನು ತೂಗುತ್ತಾರೆ. ನಗೆಗೂ ಅಳುವಿಗೂ ನಡುವೆ ಇರಬೇಕಾದುದೇನೆಂದು ಕೇಳುವವರು ಮಾತ್ರ ಕಡಮೆ.

ಈ ವಿಚಾರವನ್ನು ಎತ್ತಿಕೊಳ್ಳುವುದಕ್ಕೆ ಕರಾವಳಿಯು ತಕ್ಕ ಸ್ಥಳವೇ ಸರಿ. ಅದೇಕೆಂದರೆ ಕನ್ನಡದಲ್ಲಿ ಈ ಬಗೆಯ ಕಥೆಗಳನ್ನು ಹೇಳಿದವರಲ್ಲಿ ಮುಖ್ಯರಾದ ಕೆಲವರು ಈ ಕಡೆಯವರೇ. ೧೯೮೪ರಲ್ಲಿ 'ಅನುಭವ' ಎಂಬ ಚಿತ್ರವನ್ನು ತಾನೇ ನಿರ್ದೇಶಿಸಿ ನಾಯಕನೂ ಆದ ಕಾಶೀನಾಥರು (೧೯೫೧–೨೦೧೮) ಕುಂದಾಪುರದ ಹತ್ತಿರದ ಕೋಟೇಶ್ವರದವರು. ಹಾಸನದ ಎಂಜಿನಿಯರಿಂಗ್ ಕಾಲೇಜಿನ ಹುಡುಗರ ಕಥೆಯಾದ 'ಕಿರಿಕ್ ಪಾರ್ಟಿ'ಯನ್ನು ೨೦೧೬ರ ಕೊನೆಯಲ್ಲಿ ತೆರೆಗೆ ತಂದ ರಿಷಭ ಶೆಟ್ಟರು ಕುಂದಾಪುರದ ಕಡೆಯ ಕೆರಾಡಿಯವರು. ಅದರ ನಾಯಕರಾದ ರಕ್ಷಿತ ಶೆಟ್ಟರು ಉಡುಪಿಯವರು. ೨೦೨೫ರ ಜುಲೈಯಲ್ಲಿ ಬಿಡುಗಡೆಯಾದ 'ಸು ಫ್ರಮ್ ಸೋ' ಚಿತ್ರದ ನಿರ್ದೇಶಕರು ಮಂಜೇಶ್ವರದ ಬಳಿಯ ಊರೊಂದರ ಹೆಸರನ್ನೇ ಹೊತ್ತ ಜೆ. ಪಿ. ತುಮಿನಾಡು. ತುಳು ನಾಟಕದ ರಂಗಸ್ಥಳದಲ್ಲಿ ದ್ವಂದ್ವಾರ್ಥದ ಮಾತಿಗೆ ನಕ್ಕು, ಅದೇ ನಾಟಕದ ಕಡೆಯ ದೃಶ್ಯದಲ್ಲಿ ಸೆರಗಿನಿಂದ ಕಣ್ಣೊರಸಿಕೊಂಡು ಮನೆಗೆ ಮರಳುವ ಅಭ್ಯಾಸವು ಈ ಜಿಲ್ಲೆಯ ಜನಕ್ಕೆ ಚಲನಚಿತ್ರಕ್ಕಿಂತ ಹಳೆಯದು. ಆದುದರಿಂದ ಹಾಸ್ಯ ಮತ್ತು ಕರುಣಗಳ ಈ ಬೆರಕೆಯನ್ನು ಪರದೇಶದಿಂದ ಬಂದ ಪೀಡೆಯೆಂದು ತಳ್ಳಿಬಿಡುವುದಕ್ಕೆ ಇಲ್ಲಿಯವರಿಗೆ ಅಧಿಕಾರವಿಲ್ಲ.

ಹಳೆಯ ಲಾಕ್ಷಣಿಕರು ಈ ಬೆರಕೆಯ ತೊಡಕನ್ನು ಚೆನ್ನಾಗಿ ಅರಿತಿದ್ದರು. ಭರತನ ನಾಟ್ಯಶಾಸ್ತ್ರವು ಹಾಸ್ಯವನ್ನು ಶೃಂಗಾರದ ಸಂತಾನವೆಂದೂ ಕರುಣವನ್ನು ರೌದ್ರದ ಸಂತಾನವೆಂದೂ ಎಣಿಸುತ್ತದೆ. ಎರಡಕ್ಕೂ ಹುಟ್ಟಿದ ಮನೆಯೇ ಬೇರೆ. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ತನ್ನ ಸಾಹಿತ್ಯದರ್ಪಣದಲ್ಲಿ ಹಾಸ್ಯಕ್ಕೆ ವಿರೋಧಿಗಳಾದ ರಸಗಳೆಂದು ಭಯಾನಕವನ್ನೂ ಕರುಣವನ್ನೂ ಹೆಸರಿಸಿದನು. ಆದರೆ ಅವನಿಗಿಂತ ಐದುನೂರು ವರ್ಷಗಳಷ್ಟು ಹಿಂದೆಯೇ ಆನಂದವರ್ಧನನು ಈ ವಿರೋಧಕ್ಕೆ ಪರಿಹಾರವನ್ನೂ ಸೂಚಿಸಿದ್ದನು: ಒಂದಕ್ಕೊಂದು ಒಗ್ಗದ ಎರಡು ರಸಗಳನ್ನು ಒಂದೇ ಕೃತಿಯಲ್ಲಿ ತರಬೇಕಾದರೆ ನಡುವೆ ಎರಡಕ್ಕೂ ಸಲ್ಲುವ ಮತ್ತೊಂದನ್ನು ಇರಿಸಬೇಕು. ನಾಗಾನಂದ ನಾಟಕದಲ್ಲಿ ಶಾಂತಕ್ಕೂ ಶೃಂಗಾರಕ್ಕೂ ನಡುವೆ ಮತ್ತೊಂದು ರಸವು ನಿಂತು ಅವುಗಳ ಜಗಳವನ್ನು ತಪ್ಪಿಸಿದೆಯೆಂಬುದು ಅವನು ಕೊಟ್ಟ ಉದಾಹರಣೆ. ಹಾಗಿದ್ದ ಮೇಲೆ ಪೋಲಿ ನಗೆಗೂ ಕೊನೆಯ ಕಣ್ಣೀರಿಗೂ ನಡುವೆ ನಿಲ್ಲತಕ್ಕದ್ದು ಯಾವುದು?

ಅದಕ್ಕೆ ಉತ್ತರವು ಅಶ್ಲೀಲವೆಂಬ ಮಾತಿನ ಲಕ್ಷಣದಲ್ಲಿಯೇ ಅಡಗಿದೆ. ವ್ರೀಡೆಯನ್ನೋ ಜುಗುಪ್ಸೆಯನ್ನೋ ಅಮಂಗಲದ ಭಾವನೆಯನ್ನೋ ಸೂಚಿಸುವ ಮಾತು ಅಶ್ಲೀಲವೆಂದು ಮಮ್ಮಟನೇ ಮೊದಲಾದವರು ಮೂರು ಬಗೆಯಾಗಿ ವಿಂಗಡಿಸಿದರು. ಈ ಮೂರರಲ್ಲಿ ಹದಿಹರೆಯದ ಹಾಸ್ಯಕ್ಕೆ ಹೆಚ್ಚಾಗಿ ಸಂಬಂಧಪಟ್ಟದ್ದು ಮೊದಲನೆಯದಾದ ವ್ರೀಡೆ, ಎಂದರೆ ನಾಚಿಕೆ. ಪೋಲಿ ಮಾತನ್ನು ಕೇಳಿದ ಹುಡುಗನ ಮನಸ್ಸಿನಲ್ಲಿ ಮೊದಲು ಏಳುವುದು ನಾಚಿಕೆಯೇ. ಸಂಗಡಿಗರ ಇದಿರಿನಲ್ಲಿ ಅದನ್ನು ತೋರಿಸಲಾರದೆ ಅವನು ಗಟ್ಟಿಯಾಗಿ ನಗುತ್ತಾನೆ. ಆ ನಗೆಯಿಂದ ನಾಚಿಕೆಯು ಅಳಿಯಲಿಲ್ಲ. ಅದು ಮುಂದಿನ ವಾಯಿದೆಗೆ ದೂಡಲ್ಪಟ್ಟಿತು, ಅಷ್ಟೆ. ವರ್ತಕನು ಸರಕನ್ನು ಕೊಂಡು ಹಣವನ್ನು ಮತ್ತೆ ಕೊಡುವೆನೆಂದು ಲೆಕ್ಕದಲ್ಲಿ ಬರೆಯಿಸುವ ಹಾಗೆ, ಹುಡುಗನು ನಗೆಯನ್ನು ಈಗ ಪಡೆದು ನಾಚಿಕೆಯನ್ನು ಬಾಕಿಯುಳಿಸುತ್ತಾನೆ. ಈ ಋಣವು ಎಂದಾದರೂ ಸಂದಾಯವಾಗಬೇಕು. ಕೊನೆಯ ಕಣ್ಣೀರಿನಲ್ಲಿ ಆ ಬಾಕಿಯ ನಾಚಿಕೆಯು ಸೇರಿದ್ದರೆ ಅದು ನಿಜವಾದ ಕಣ್ಣೀರು. ಇಲ್ಲವಾದರೆ ಹಳೆಯ ಸಾಲದ ಮೇಲೆ ಮಾಡಿದ ಹೊಸ ಸಾಲ.

ಇಷ್ಟರಿಂದಲೇ ನಗೆಯು ದೋಷವೆಂದು ತೀರ್ಮಾನಿಸಬಾರದು. ಹದಿನಾರು, ಹದಿನೇಳರ ವಯಸ್ಸಿನಲ್ಲಿ ಶರೀರವು ತನಗೆ ತಾನೇ ಅಪರಿಚಿತವಾಗಿ ಬಿಡುತ್ತದೆ. ಧ್ವನಿಯು ಒಡೆಯುತ್ತದೆ, ಮುಖದಲ್ಲಿ ಮೊಡವೆ ಏಳುತ್ತದೆ, ಮನಸ್ಸು ಕಾರಣವಿಲ್ಲದೆ ಕುದಿಯುತ್ತದೆ. ಇದೇನೆಂದು ಕೇಳೋಣವೆಂದರೆ ತಂದೆಯು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾನೆ. ಅಧ್ಯಾಪಕನು ಜೀವಶಾಸ್ತ್ರದ ಆ ಪಾಠವನ್ನು ಮನೆಯಲ್ಲಿ ಓದಿಕೊಳ್ಳಿರೆಂದು ಹೇಳಿ ಹಾಳೆ ಮಗುಚುತ್ತಾನೆ. ಹದಿಹರೆಯದವರಿಗಾಗಿ ಶಾಲೆಗಳಲ್ಲಿ ಈ ಶಿಕ್ಷಣವನ್ನು ಕೊಡುವ ಕಾರ್ಯಕ್ರಮವು ಬಂದಾಗ, ೨೦೦೭ರಲ್ಲಿ, ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಅದನ್ನು ತಡೆಹಿಡಿದವು. ಹಿರಿಯರು ಬಾಗಿಲು ಮುಚ್ಚಿದಲ್ಲಿ ಗೆಳೆಯರು ಕಿಂಡಿ ತೆರೆಯುತ್ತಾರೆ. ಕೇಳಲಾಗದ ಪ್ರಶ್ನೆಯೇ ಅಲ್ಲಿ ತಮಾಷೆಯ ವೇಷ ಹಾಕಿಕೊಂಡು ಬರುತ್ತದೆ. ಪೋಲಿ ಕಥೆಯನ್ನು ಹೇಳುವ ಹುಡುಗನು ಬಹುಪಾಲು ತನ್ನ ಅಜ್ಞಾನವನ್ನು ಅಡಗಿಸುತ್ತಿರುವವನು. ಅದಕ್ಕೆ ಎಲ್ಲರಿಗಿಂತ ಮೊದಲು ನಗುವವನು ಅವನಿಗಿಂತಲೂ ಕಡಮೆ ಬಲ್ಲವನು.

ಕಾಶೀನಾಥರ 'ಅನುಭವ'ವು ಹಿಡಿದುದು ಈ ಅಜ್ಞಾನವನ್ನೇ. ಕಾಮವೆಂದರೇನೆಂದು ತಿಳಿಯದ ಎಳೆಯನ ಗೊಂದಲವನ್ನು ಅದು ವಸ್ತುವಾಗಿ ಮಾಡಿಕೊಂಡಿತು. ದ್ವಂದ್ವಾರ್ಥದ ಚಿತ್ರವೆಂದು ಅದನ್ನು ಮೂಗುಮುರಿದು ಬೈದವರು ಉಂಟು. ಕದ್ದು ನೋಡಿದವರು ಬೈದವರಿಗಿಂತ ಹೆಚ್ಚು. ಎರಡನ್ನೂ ಮಾಡಿದವರು ಎಲ್ಲರಿಗಿಂತ ಹೆಚ್ಚು. ೧೯೮೬ರಲ್ಲಿ ಅದು ಹಿಂದಿಯಲ್ಲಿಯೂ ಮರುಹುಟ್ಟು ಪಡೆಯಿತು. ಆ ಚಿತ್ರದಿಂದ ಹೆಸರಾದ ಉಮಾಶ್ರೀಯವರನ್ನು ಬಹುಕಾಲ ಅಂಥದೇ ಪಾತ್ರಗಳಿಗೆ ಕಟ್ಟಿಹಾಕಲಾಯಿತು; ಆದರೆ ಅವರು ಮುಂದೆ ರಾಷ್ಟ್ರಪ್ರಶಸ್ತಿ ಪಡೆದ ನಟಿಯಾಗಿ, ೨೦೧೩ರಲ್ಲಿ ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಂತ್ರಿಯೂ ಆದರು. ಚಿತ್ರದ ನಾಯಕನಿಗೆ ಪೋಲಿ ನಗೆಯು ಹದಿಹರೆಯದ ಒಂದು ಘಟ್ಟ, ದಾಟಿದರೆ ಮುಗಿಯಿತು. ಅದೇ ನಗೆಗೆ ವಿಷಯವಾದ ಹೆಂಗಸಿಗೆ ಅದು ಹಣೆಯ ಮೇಲಿನ ಚೀಟಿ. ಅದನ್ನು ಕಿತ್ತುಹಾಕುವುದಕ್ಕೆ ಅವಳು ಅರ್ಧ ಆಯುಷ್ಯವನ್ನೇ ಸವೆಯಿಸಬೇಕಾಗಬಹುದು. ನಗೆಯ ಋಣವನ್ನು ಮಾಡಿದವನು ಒಬ್ಬನು, ಬಡ್ಡಿಯನ್ನು ತೆತ್ತವಳು ಮತ್ತೊಬ್ಬಳು.

ಆದುದರಿಂದ ಮಾತು ಎಷ್ಟು ಪೋಲಿ ಎಂಬುದಕ್ಕಿಂತ, ನಗೆಯು ಯಾರ ಮೇಲೆ ಬೀಳುತ್ತದೆ, ಬಿದ್ದವರಿಗೆ ಮಾರುತ್ತರ ಕೊಡುವ ಅವಕಾಶವುಂಟೆ ಎಂಬುದನ್ನು ವಿಚಾರಿಸುವುದು ಲೇಸು. ಕನ್ನಡನಾಡಿನ ಮದುವೆಮನೆಗಳಲ್ಲಿ ಹೆಂಗಸರು ಹಾಡುವ ಬೀಗರ ಹಾಡುಗಳಲ್ಲಿ ಹಸಿ ಮಾತಿಗೆ ಕೊರತೆಯಿಲ್ಲ. ಆದರೆ ಅಲ್ಲಿ ಹಳಿಸಿಕೊಂಡ ಬೀಗಿತ್ತಿಯು ಇದಿರಿನಲ್ಲೇ ಕುಳಿತಿರುತ್ತಾಳೆ. ಅವಳ ಕಡೆಯವರು ಎರಡರಷ್ಟು ಕಾರವಾದ ಹಾಡಿನಿಂದ ಉತ್ತರ ಕೊಡುತ್ತಾರೆ. ಊಟದ ಹೊತ್ತಿಗೆ ಲೆಕ್ಕವೆಲ್ಲ ಚುಕ್ತವಾಗಿರುತ್ತದೆ. ಬಯಲಾಟದ ಹಾಸ್ಯಗಾರನು ಕಿಚಾಯಿಸುವುದು ಬಹಳವಾಗಿ ತನಗಿಂತ ಮೇಲಿನವರನ್ನು, ಕಿರೀಟ ತೊಟ್ಟವರನ್ನು. ಅಲ್ಲಿಯೂ ಪೆಟ್ಟು ತಾಳಿಕೊಳ್ಳಲಾರದವನ ಮೇಲೆ ಬೀಳುವುದಿಲ್ಲ. ರಿಷಭ ಶೆಟ್ಟರ ೨೦೧೮ರ ಚಿತ್ರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಎಂಬುದರಲ್ಲಿ ಪ್ರವೀಣನೆಂಬ ಬಾಲಕನಿಗೆ ಪಲ್ಲವಿಯೆಂಬ ಸಹಪಾಠಿಯಲ್ಲಿ ಒಲವು ಹುಟ್ಟುತ್ತದೆ. ಅಲ್ಲಿ ನೋಟಕರನ್ನು ನಗಿಸುವುದು ಪಲ್ಲವಿಯ ಮೈಯಲ್ಲ, ಪ್ರವೀಣನ ಪೇಚಾಟ. ಹುಡುಗನು ತಾನೇ ತನ್ನ ನಗೆಯ ಬೆಲೆಯನ್ನು ನಗದಾಗಿ ತೆರುತ್ತಾನೆ. ರಾಷ್ಟ್ರಮಟ್ಟದಲ್ಲಿ ಉತ್ತಮ ಮಕ್ಕಳ ಚಿತ್ರವೆಂಬ ಪ್ರಶಸ್ತಿ ಅದಕ್ಕೆ ಸಂದಿತು. ಆ ವಯಸ್ಸಿನ ತಳಮಳವನ್ನು ಯಾರ ಮಾನವನ್ನೂ ಅಡವಿಡದೆ ನಗೆಗೆ ತರಬಹುದೆಂಬುದಕ್ಕೆ ಇಷ್ಟು ಸಾಕು.

ಇದಕ್ಕೆ ಪ್ರತಿಯಾಗಿ 'ಸು ಫ್ರಮ್ ಸೋ'ದ ಆರಂಭವನ್ನು ನೋಡಬಹುದು. ಅಶೋಕನೆಂಬ ಯುವಕನು ಬಚ್ಚಲಿನೊಳಕ್ಕೆ ಇಣುಕಿ ಸಿಕ್ಕಿಬೀಳುತ್ತಾನೆ. ತಪ್ಪಿಸಿಕೊಳ್ಳುವುದಕ್ಕೆ ಬೇರೆ ದಾರಿ ಕಾಣದೆ ಮೈಮೇಲೆ ಪ್ರೇತ ಬಂದವನ ಹಾಗೆ ನಟಿಸುತ್ತಾನೆ. ಆ ಪ್ರೇತವು ಮಂಗಳೂರಿನ ತೆಂಕಣ ಸೋಮೇಶ್ವರದ ಸುಲೋಚನೆಯದೆಂದು ಊರು ನಂಬುತ್ತದೆ. ಅಲ್ಲಿಂದ ಮುಂದಕ್ಕೆ ನಗೆಯೋ ನಗೆ. ಆದರೆ ಸುಲೋಚನೆಯೆಂಬವಳು ನಿಜವಾಗಿ ಇದ್ದವಳು, ಸತ್ತವಳು. ಅವಳಿಗೆ ಕಷ್ಟದಲ್ಲಿರುವ ಮಗಳೊಬ್ಬಳು ಉಂಟು ಎಂದು ಕಥೆಯು ತಿರುಗಿಕೊಂಡಾಗ ಪ್ರೇಕ್ಷಕರ ಗಂಟಲು ಕಟ್ಟುತ್ತದೆ. ತಮಾಷೆಗಾಗಿ ಎತ್ತಿಕೊಂಡ ಹೆಸರಿನ ಹಿಂದೆ ಒಂದು ಜೀವವಿತ್ತೆಂಬ ಅರಿವು ಆ ಚಿತ್ರದ ನಿಜವಾದ ಸಂಪತ್ತು. ನಗೆಗೂ ಕರುಣಕ್ಕೂ ನಡುವೆ ಇರಬೇಕಾದ ಸೇತುವೆಯನ್ನು ಅದು ಕಟ್ಟಿದೆಯೆಂದೇ ಹೇಳಬೇಕು. ಹೀಗಿದ್ದೂ ಒಂದು ಸಣ್ಣ ಲೆಕ್ಕವು ಉಳಿಯುತ್ತದೆ. ಚಿತ್ರಮಂದಿರದಿಂದ ಹೊರಬೀಳುವವನ ನೆನಪಿನಲ್ಲಿ ಪ್ರೇತವಿರುತ್ತದೆ, ಮಗಳ ದುಃಖವಿರುತ್ತದೆ. ಬಚ್ಚಲಿನೊಳಗೆ ಇದ್ದವಳು ಇರುವುದಿಲ್ಲ. ಎಲ್ಲ ನಗೆಯೂ ಅವಳ ಬಾಗಿಲಿನಿಂದ ಹೊರಟಿತು. ಸಾಲವು ಸಂದದ್ದು ಬೇರೆ ಮನೆಯ ಬಾಗಿಲಿಗೆ. ಇದು ಆ ಒಂದು ಚಿತ್ರದ ದೋಷವೆನ್ನುವುದಕ್ಕಿಂತ ನೋಡುವ ಕಣ್ಣಿನ ಅಭ್ಯಾಸವೆನ್ನಬೇಕು.

ಇನ್ನು ಕಣ್ಣೀರಿನ ವಿಚಾರ. ಹುಡುಗನ ಒಡೆದ ಹೃದಯವನ್ನು ತೋರಿಸಿದ ಮಾತ್ರಕ್ಕೆ ಕಥೆಯು ಗಂಭೀರವಾಗುವುದಿಲ್ಲ. ಬೋಅಜ್ ಡೇವಿಡ್ಸನ್ ಎಂಬ ನಿರ್ದೇಶಕನು ೧೯೭೮ರಲ್ಲಿ ಇಸ್ರೇಲಿನಲ್ಲಿ ಹದಿಹರೆಯದ ಹುಡುಗರ ಚಿತ್ರವೊಂದನ್ನು ಮಾಡಿ, ಅದನ್ನೇ ೧೯೮೨ರಲ್ಲಿ ಅಮೆರಿಕೆಯಲ್ಲಿ 'ದಿ ಲಾಸ್ಟ್ ಅಮೆರಿಕನ್ ವರ್ಜಿನ್' ಎಂಬ ಹೆಸರಿನಿಂದ ಮತ್ತೆ ತೆಗೆದನು. ಅದರ ಮೊದಲ ಭಾಗವೆಲ್ಲ ಹಸಿ ತಮಾಷೆ. ಬಳಿಕ ನಾಯಕನು ಪ್ರೀತಿಸಿದ ಹುಡುಗಿಯು ಅವನ ಗೆಳೆಯನಿಂದ ಗರ್ಭಿಣಿಯಾಗಿ ಕೈಬಿಡಲ್ಪಡುತ್ತಾಳೆ. ನಾಯಕನು ತನ್ನಲ್ಲಿದ್ದುದನ್ನು ಮಾರಿ ಹಣ ಕೂಡಿಸಿ ಅವಳ ಗರ್ಭಪಾತಕ್ಕೆ ನೆರವಾಗುತ್ತಾನೆ, ಶುಶ್ರೂಷೆ ಮಾಡುತ್ತಾನೆ. ಕೊನೆಗೆ ಅವಳ ಹುಟ್ಟುಹಬ್ಬದ ದಿನ ಕಾಣಿಕೆ ಹಿಡಿದುಕೊಂಡು ಹೋದರೆ, ಅವಳು ಮತ್ತೆ ಆ ಗೆಳೆಯನ ತೋಳಿನಲ್ಲಿರುವುದು ಕಣ್ಣಿಗೆ ಬೀಳುತ್ತದೆ. ಅವನು ಅಳುತ್ತ ಕಾರನ್ನು ನಡೆಸಿಕೊಂಡು ಹೋಗುವುದರೊಡನೆ ಚಿತ್ರವು ಮುಗಿಯುತ್ತದೆ. ನಗಿಸಿ ನಗಿಸಿ ಹೀಗೆ ಕೊರಳು ಹಿಸುಕಿದ ಚಿತ್ರಗಳು ವಿರಳವೆಂದು ಅದನ್ನು ಮೆಚ್ಚುವವರು ಹೇಳುತ್ತಾರೆ. ಆ ಮಾತು ನಿಜವೇ. ಆದರೆ ಆ ಕಥೆಯಲ್ಲಿ ಹೆಚ್ಚು ನೊಂದವರು ಯಾರು? ಮೈಯಲ್ಲಿಯೂ ಮನಸ್ಸಿನಲ್ಲಿಯೂ ಗಾಯಗೊಂಡ ಹುಡುಗಿಯು ಕೊನೆಯ ದೃಶ್ಯದಲ್ಲಿ ಕೃತಘ್ನೆಯೆಂಬ ಹೆಸರನ್ನು ಹೊತ್ತು ಹಿಂದುಳಿಯುತ್ತಾಳೆ. ಕಣ್ಣೀರಿನ ಹಕ್ಕು ಹುಡುಗನೊಬ್ಬನದೇ ಆಗುತ್ತದೆ. ತನ್ನ ಉಪಕಾರಕ್ಕೆ ಪ್ರೀತಿಯು ಪ್ರತಿಫಲವಾಗಿ ಬರಬೇಕಿತ್ತೆಂಬ ಎಣಿಕೆಯಿಂದ ಹುಟ್ಟಿದ ಅಳುವು ಎಷ್ಟೇ ಬಿಸಿಯಾಗಿರಲಿ, ಅದರಲ್ಲಿ ನಾಚಿಕೆಯ ಒಂದು ಹನಿಯೂ ಇಲ್ಲ.

'ಕಿರಿಕ್ ಪಾರ್ಟಿ'ಯ ಕಣ್ಣೀರು ಬೇರೊಂದು ಬಗೆಯದು. ಮೊದಲ ವರ್ಷದ ವಿದ್ಯಾರ್ಥಿಯಾದ ಕರ್ಣನು ಹಿರಿಯ ವಿದ್ಯಾರ್ಥಿನಿಯಾದ ಸಾನ್ವಿಗೆ ಮನಸೋಲುತ್ತಾನೆ. ಗೆಳೆಯರೊಡನೆ ಅವನು ಮಾಡುವ ಕಿತಾಪತಿಗಳಲ್ಲಿ ಪ್ರೇಕ್ಷಕನು ತನ್ನ ಕಾಲೇಜು ದಿನಗಳನ್ನು ಕಾಣುತ್ತಾನೆ. ಸಾನ್ವಿಯ ಆಕಸ್ಮಿಕ ಮರಣದಿಂದ ನಗೆಯು ತಟ್ಟನೆ ನಿಲ್ಲುತ್ತದೆ. ಇಲ್ಲಿ ವಂಚನೆಯಿಲ್ಲ, ಕೃತಘ್ನತೆಯಿಲ್ಲ, ದುಃಖವು ಶುದ್ಧವಾದದ್ದೇ. ಆದರೂ ಒಂದು ಸಂದೇಹ ಉಳಿಯುತ್ತದೆ. ಒಬ್ಬಳ ಸಾವು ಮತ್ತೊಬ್ಬನು ದೊಡ್ಡವನಾಗುವುದಕ್ಕೆ ಮೆಟ್ಟಲಾಗಬಹುದೆ? ಸತ್ತವಳಿಗೂ ಬೆಳೆಯಬೇಕೆಂಬ ಆಸೆಯಿತ್ತು. ಅವಳ ಕಥೆಯು ಅಲ್ಲಿಗೆ ನಿಂತಿತು, ಅವನದು ಮುಂದುವರಿಯಿತು. ಲೋಕದಲ್ಲಿ ಸಾವು ಹೀಗೆಯೇ ಬರುತ್ತದೆಂದು ಸಮಾಧಾನ ಹೇಳಬಹುದು. ಲೋಕದಲ್ಲಿ ಬರುವ ಸಾವನ್ನು ಯಾರೂ ಆರಿಸಿ ತರುವುದಿಲ್ಲ, ಕಥೆಯ ಸಾವನ್ನು ಮಾತ್ರ ಕಥೆಗಾರನು ಆರಿಸುತ್ತಾನೆ. ಹುಡುಗಿಯ ಮರಣವನ್ನು ಆರಿಸಿದ ಕಥೆಗಾರನು, ಅವಳು ಬದುಕಿದ್ದಾಗ ಆಕೆ ಏನಾಗಬೇಕೆಂದಿದ್ದಳೆಂಬುದನ್ನು ಪ್ರೇಕ್ಷಕನಿಗೆ ಎಷ್ಟು ತಿಳಿಸಿದ್ದಾನೆ ಎಂಬುದರಿಂದ ಆ ಕಣ್ಣೀರಿನ ಮೌಲ್ಯವನ್ನು ಅಳೆಯಬೇಕು.

ನಗೆಯ ಮಾತೊಂದು ಹೇಗೆ ಕಣ್ಣೀರಾಗಿ ಮರಳುತ್ತದೆಂಬುದನ್ನು ಕಾಳಿದಾಸನಿಗಿಂತ ಸೂಕ್ಷ್ಮವಾಗಿ ತೋರಿಸಿದವರಿಲ್ಲ. ಶಾಕುಂತಲದ ಎರಡನೆಯ ಅಂಕದ ಕೊನೆಯಲ್ಲಿ ದುಷ್ಯಂತನು ವಿದೂಷಕನನ್ನು ರಾಜಧಾನಿಗೆ ಕಳುಹಿಸುತ್ತಾನೆ. ಈ ವಾಚಾಳಿಯು ಅಂತಃಪುರದಲ್ಲಿ ಗುಟ್ಟು ಬಿಟ್ಟುಕೊಟ್ಟಾನೆಂಬ ಅಂಜಿಕೆಯಿಂದ, ಆಶ್ರಮದ ಹುಡುಗಿಯ ಸಂಗತಿಯೆಲ್ಲ ಬರಿಯ ಪರಿಹಾಸವೆಂದು ಅವನನ್ನು ನಂಬಿಸುತ್ತಾನೆ. ಐದನೆಯ ಅಂಕದಲ್ಲಿ ಗರ್ಭಿಣಿಯಾದ ಶಕುಂತಲೆಯು ತುಂಬಿದ ಸಭೆಯಲ್ಲಿ ನಿರಾಕೃತಳಾಗುತ್ತಾಳೆ. ಉಂಗುರವು ಸಿಕ್ಕಿ ನೆನಪು ಮರಳಿದ ಮೇಲೆ, ಆರನೆಯ ಅಂಕದಲ್ಲಿ, ನೀನಾದರೂ ಏಕೆ ಅವಳ ನೆನಪು ಮಾಡಲಿಲ್ಲವೆಂದು ಅರಸನು ವಿದೂಷಕನನ್ನು ಕೇಳಿದರೆ, ಅದು ಪರಿಹಾಸವೆಂದು ತಾವೇ ಹೇಳಿದಿರಲ್ಲವೆ ಎಂಬ ಉತ್ತರವು ಬರುತ್ತದೆ. ಅರಸನ ಮರೆವಿಗೆ ದುರ್ವಾಸರ ಶಾಪವು ಕಾರಣವೆನ್ನಬಹುದು. ಪರಿಹಾಸದ ಮಾತಿಗೆ ಯಾವ ಶಾಪವೂ ಕಾರಣವಲ್ಲ. ಶಾಪಕ್ಕಿಂತ ಮೊದಲೇ, ಪೂರ್ಣ ಪ್ರಜ್ಞೆಯಿಂದ, ಅರಸನು ಅದನ್ನು ಆಡಿದ್ದನು. ಅವನ ಪಶ್ಚಾತ್ತಾಪವು ಓದುಗನ ಹೃದಯವನ್ನು ತಟ್ಟುವುದಕ್ಕೆ ಕಾರಣವು ಇದೇ. ಕಳೆದುಕೊಂಡ ದುಃಖದ ಜೊತೆಯಲ್ಲಿ, ಒಬ್ಬಳ ಬಾಳನ್ನು ಹಿಂದೊಮ್ಮೆ ತಮಾಷೆಯೆಂದು ಕರೆದ ನಾಚಿಕೆಯೂ ಅಲ್ಲಿ ಬೆರೆತಿದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಹುಡುಗನ ಕಥೆಯನ್ನು ಹುಡುಗನ ಕಣ್ಣಿನಿಂದಲೇ ಹೇಳಬೇಕಲ್ಲವೆ. ಹದಿನೇಳರ ಹುಡುಗನಿಗೆ ಇಲ್ಲದ ವಿವೇಕವನ್ನು ಕಥೆಯಲ್ಲಿ ತುರುಕಿದರೆ ಅದು ಬೋಧೆಯಾದೀತೇ ಹೊರತು ಕಲೆಯಾಗದು ಎಂದು. ಈ ಆಕ್ಷೇಪವು ನ್ಯಾಯವಾದದ್ದೇ. ಹರೆಯದ ಒರಟುತನವನ್ನು ಸೋಸಿ ತೆಗೆದ ಕಥೆಯು ಸುಳ್ಳಾಗುತ್ತದೆ; ಸುಳ್ಳಿನಿಂದ ಯಾರೂ ತಿದ್ದಿಕೊಂಡುದಿಲ್ಲ. ಆದರೆ ಹುಡುಗನ ಕಣ್ಣಿನಿಂದ ಮೊದಲಾದ ಕಥೆಯು ಕೊನೆಯವರೆಗೂ ಅವನು ಕುಳಿತ ಜಾಗದಲ್ಲಿಯೇ ಕುಳಿತಿರಬೇಕೆಂಬ ಕಟ್ಟಳೆಯಿಲ್ಲ. ದೊಡ್ಡವನಾಗುವುದೆಂದರೆ ಆ ಜಾಗದಿಂದ ಏಳುವುದೇ. ತಾನು ಇಣುಕಿದ ಕಿಟಕಿಯ ಒಳಗಡೆ ಒಬ್ಬಳು ನಿಂತಿದ್ದಳು, ಅವಳಿಗೂ ಕಣ್ಣುಗಳಿದ್ದುವು, ಅವಳು ತನ್ನನ್ನು ಕಂಡಾಗ ಏನನ್ನು ಕಂಡಳು ಎಂಬ ಯೋಚನೆ ಒಂದು ಕ್ಷಣವಾದರೂ ಹುಡುಗನ ಮನಸ್ಸಿನಲ್ಲಿ ಸುಳಿದರೆ ಸಾಕು. ಒಂದು ಉಪದೇಶದ ಮಾತೂ ಬೇಕಾಗುವುದಿಲ್ಲ. ಮೀಸೆಯು ವಯಸ್ಸಿನಿಂದ ತಾನಾಗಿ ಬರುತ್ತದೆ. ಈ ಯೋಚನೆಯು ತಾನಾಗಿ ಬರುವುದಿಲ್ಲ.

ಮತ್ತೊಂದು ಮಾತನ್ನು ಮಂಗಳೂರಿನಲ್ಲಿ ಹೇಳದೆ ಬಿಡುವುದು ಅಪ್ರಾಮಾಣಿಕವಾದೀತು. ನಾಚಿಕೆಯನ್ನು ಕಲಿಸುತ್ತೇವೆಂದು ಕೋಲು ಹಿಡಿದು ಹೊರಟವರನ್ನು ಈ ನಗರವು ಕಂಡಿದೆ. ೨೦೦೯ರ ಜನವರಿ ೨೪ರಂದು ಇಲ್ಲಿಯ ಪಬ್ಬೊಂದಕ್ಕೆ ನುಗ್ಗಿದ ಗುಂಪು ಯುವತಿಯರನ್ನು ಹೊಡೆದು ಅಟ್ಟಾಡಿಸಿತು. ೨೦೧೨ರ ಜುಲೈ ೨೮ರಂದು ಪಡೀಲಿನ ಹೋಮ್‌ಸ್ಟೇ ಒಂದರಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರ ಮೇಲೆ ಇನ್ನೊಂದು ಗುಂಪು ಕೈಮಾಡಿತು. ಎರಡೂ ಸಂದರ್ಭಗಳ ದೃಶ್ಯಗಳು ದೇಶವೆಲ್ಲ ಹರಡಿದವು. ಸಂಸ್ಕೃತಿಯ ರಕ್ಷಣೆಯೆಂಬುದು ಅದಕ್ಕೆ ಕೊಟ್ಟ ಹೆಸರು. ಪೋಲಿ ನಗೆಯನ್ನು ಖಂಡಿಸುವವರು ತಮ್ಮ ಮಾತು ಇಂಥ ಕೋಲಿಗೆ ಹಿಡಿಯಾಗದಂತೆ ಎಚ್ಚರದಿಂದಿರಬೇಕು. ತನ್ನೊಳಗೆ ತಾನೇ ಹುಟ್ಟುವುದು ಲಜ್ಜೆ. ಹೊರಗಿನಿಂದ ಹೇರುವುದು ಅವಮಾನ. ಲಜ್ಜೆಯು ಮನುಷ್ಯನನ್ನು ಮೃದುವಾಗಿ ಮಾಡುತ್ತದೆ. ಅವಮಾನವು ಅವನನ್ನು ಮುರಿಯುತ್ತದೆ, ಇಲ್ಲವೆ ಕ್ರೂರನನ್ನಾಗಿ ಮಾಡುತ್ತದೆ. ಕಿಟಕಿಯಿಂದ ಇಣುಕಿ ನಗುವವನಿಗೂ ಬಾಗಿಲು ಒಡೆದು ಹೊಡೆಯುವವನಿಗೂ ಒಂದು ಹೋಲಿಕೆಯುಂಟು: ಇಬ್ಬರೂ ಹೆಣ್ಣಿನ ಮೈಯನ್ನು ನೋಡುತ್ತಾರೆ, ಇಬ್ಬರೂ ಅವಳನ್ನು ಒಂದು ಮಾತು ಕೇಳುವುದಿಲ್ಲ. ಕರುಣವು ರೌದ್ರದಿಂದ ಹುಟ್ಟುತ್ತದೆಂದ ಭರತನ ಮಾತು ಆ ದಿನಗಳಲ್ಲಿ ರಂಗಸ್ಥಳದ ಹೊರಗೆ, ಬೀದಿಯಲ್ಲಿಯೇ ನಿಜವಾಯಿತು.

ಹಾಗಾದರೆ ಮಾಡತಕ್ಕದ್ದೇನು? ಚಿತ್ರಗಳನ್ನು ಕತ್ತರಿಸುವುದರಿಂದ ಹರೆಯವು ಕತ್ತರಿಸಿಹೋಗುವುದಿಲ್ಲ. ಇಂಥ ಚಿತ್ರವನ್ನು ತಂಗಿಯೊಡನೆ ಕುಳಿತು ನೋಡಬಲ್ಲೆಯಾ ಎಂದು ಹಿರಿಯರು ಹುಡುಗನನ್ನು ಕೇಳುವುದುಂಟು. ಪ್ರಶ್ನೆಯು ಒಳ್ಳೆಯದೇ, ಆದರೆ ಅದನ್ನು ಕೇಳುವ ಉದ್ದೇಶವು ಅನೇಕವೇಳೆ ತಪ್ಪು. ತಂಗಿಯ ಕಿವಿಯು ಎಳೆಯದೆಂದಾಗಲಿ, ಅವಳ ಮಾನವು ಅಣ್ಣನ ಕೈಯಲ್ಲಿದೆಯೆಂದಾಗಲಿ ಅದು ಪರೀಕ್ಷೆಯಾಗಬೇಕಾಗಿಲ್ಲ. ತಂಗಿಯೂ ನಗಬಲ್ಲಳು, ಅಣ್ಣನು ನಗದಿರುವಲ್ಲಿಯೂ ನಗಬಲ್ಲಳು. ಅವಳು ಯಾವ ತಮಾಷೆಗೆ ಮನಸಾರೆ ನಕ್ಕಳು, ಯಾವುದಕ್ಕೆ ಸುಮ್ಮನಾದಳು ಎಂಬುದನ್ನು ಅಣ್ಣನು ಒಮ್ಮೆ ಗಮನಿಸಿದರೆ ಯಾವ ಸೆನ್ಸಾರ್ ಮಂಡಳಿಯೂ ಕಲಿಸಲಾರದುದನ್ನು ಕಲಿತಾನು. ಮರಳುವ ದಾರಿಯಲ್ಲಿ ತಂದೆಯು ಪತ್ರಿಕೆಯನ್ನು ಕೆಳಗಿಳಿಸಿದವನಾಗಿ ಮಾತಿಗೆ ಸಿಕ್ಕಿದರೆ, ಹುಡುಗನು ತಮಾಷೆಯ ವೇಷವಿಲ್ಲದೆಯೇ ತನ್ನ ಪ್ರಶ್ನೆಯನ್ನು ಕೇಳಿಯಾನು. ಹಿರಿಯರು ಕೊಡಬೇಕಾದ ಸಾಲವೂ ಈ ಲೆಕ್ಕದಲ್ಲಿ ಉಂಟೆಂಬುದನ್ನು ಮರೆಯಬಾರದು.

ಚಿತ್ರವು ಮುಗಿದು ದೀಪಗಳು ಹೊತ್ತಿಕೊಂಡಾಗ, ಕತ್ತಲೆಯಲ್ಲಿ ಕೆಮ್ಮಿದ ಹುಡುಗನು ಸಂಗಡಿಗರ ಮುಖವನ್ನು ನೋಡದೆ ಎದ್ದು ಹೋಗುತ್ತಾನೆ. ಅವನ ಕಣ್ಣೀರನ್ನು ಹಂಗಿಸುವುದು ಯಾರಿಗೂ ತರವಲ್ಲ. ಅದು ಅವನ ಒಳ್ಳೆಯತನದ ಗುರುತೇ. ಸಾಲಿನ ಕೊನೆಯಲ್ಲಿ, ಮೊದಲರ್ಧದ ನಗೆಯಲ್ಲಿ ಸೇರದೆ ಸುಮ್ಮನೆ ಕುಳಿತಿದ್ದ ಸಹಪಾಠಿನಿಯೊಬ್ಬಳು ಅವನ ಜೊತೆಯಲ್ಲಿಯೇ ಮೆಟ್ಟಲಿಳಿಯುತ್ತಿರಬಹುದು. ಚಿತ್ರವು ಹೇಗಿತ್ತೆಂದು ಅವನು ಅವಳನ್ನು ಕೇಳಿ, ಉತ್ತರವು ಮುಗಿಯುವವರೆಗೆ ನಿಂತು ಕೇಳಿಸಿಕೊಂಡರೆ, ಆ ಸಂಜೆಯ ನಗೆಗೆ ಅವನು ತೆರಬೇಕಾದುದರಲ್ಲಿ ಬಹುಪಾಲು ಸಂದಿತೆಂದೇ ತಿಳಿಯಬೇಕು.